ನೆರಳೂರಿನ ರೊಟ್ಟಿ ಕಾಕು

ಒಂದು ದೇಶದ ಸರ್ಕಾರವನ್ನು ಹೊರಗಿನವರು ಬಂದು ಕೆಡವಿದರೆ ಆಮೇಲೆ ಏನಾಗುತ್ತದೆ ಎಂಬುದನ್ನು ಕೆಡವುವ ಮೊದಲೇ ನೋಡುವಂತಿದ್ದರೆ? ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡ ಹತ್ತೊಂಬತ್ತು ದೇಶಗಳು ಒಕ್ಕೂಟ ಕಟ್ಟಿಕೊಂಡು, ಕಲಬುರಗಿಯ ಹೊರಗೆ ತೊಗರಿ ಹೊಲಗಳ ನಡುವಿನ ಕರಿಕಲ್ಲಿನ ದಿಬ್ಬದ ಮೇಲೆ ಒಂದು ಯಂತ್ರ ಕಟ್ಟಿಸಿದ್ದವು. ಬಿಸಿಲಿಗೆ ಅಲ್ಲಿ ಬರವಿಲ್ಲ, ಬಿಸಿಲಿದ್ದಲ್ಲಿ ಕರೆಂಟಿಗೂ ಬರವಿಲ್ಲ, ಅದಕ್ಕೇ ಆ ಜಾಗ. ಯಂತ್ರಕ್ಕೆ ಮಾರುದ್ದದ ಅಧಿಕೃತ ಹೆಸರಿತ್ತು. ಅಲ್ಲಿ ದುಡಿಯುವವರು ಮಾತ್ರ ಅದನ್ನು ನೆರಳೂರು ಎನ್ನುತ್ತಿದ್ದರು.

ಹೆಸರು ಸರಿಯಾಗಿಯೇ ಇತ್ತು. ಯಾವ ದೇಶವನ್ನು ಪರೀಕ್ಷೆಗೆ ಇಡುತ್ತಾರೋ ಆ ದೇಶದ ಒಬ್ಬೊಬ್ಬರಿಗೂ ಯಂತ್ರದೊಳಗೆ ಒಂದೊಂದು ನೆರಳು. ಆ ಮನುಷ್ಯ ಏನು ಕೊಳ್ಳುತ್ತಾನೆ, ಯಾರಿಗೆ ಫೋನು ಮಾಡುತ್ತಾನೆ, ಅವನ ಮನೆಯ ದೀಪ ಎಷ್ಟು ಹೊತ್ತಿಗೆ ಆರುತ್ತದೆ, ಜ್ವರ ಬಂದರೆ ಯಾರ ಬಾಗಿಲು ಬಡಿಯುತ್ತಾನೆ, ಇವನ್ನೆಲ್ಲ ಉಪಗ್ರಹಗಳಿಂದ, ಸಂತೆ ಪೇಟೆಗಳಿಂದ, ಫೋನಿನ ಗೋಪುರಗಳಿಂದ ಹೆಕ್ಕಿ ತಂದು ನೆರಳಿಗೆ ಉಣಿಸುತ್ತಿದ್ದರು. ಹೆಸರು ಇಡುವಂತಿರಲಿಲ್ಲ, ಬರೀ ಸಂಖ್ಯೆ. ಇಷ್ಟಾದ ಮೇಲೆ ‘ನಾಳೆ ಬೆಳಿಗ್ಗೆ ಬಸ್ಸಿನ ದರ ಏರಿತು’ ಎಂದು ಯಂತ್ರಕ್ಕೆ ಹೇಳಿದರೆ ಸಾಕು, ಲಕ್ಷಾಂತರ ನೆರಳುಗಳು ತಮ್ಮ ತಮ್ಮ ಸ್ವಭಾವಕ್ಕೆ ತಕ್ಕಂತೆ ಗೊಣಗಿ, ನಡೆದು, ಕಲ್ಲು ಎತ್ತಿ, ಕಡೆಗೆ ಏನಾಗುವುದೋ ಅದನ್ನು ಆಡಿ ತೋರಿಸುತ್ತಿದ್ದವು. ಎಷ್ಟೋ ಸಲ ಅದು ನಿಜವೂ ಆಗಿತ್ತು. ಆದ್ದರಿಂದ ದೊಡ್ಡ ದೊಡ್ಡವರೂ ಅದರ ಮಾತಿಗೆ ಕಿವಿಗೊಡುತ್ತಿದ್ದರು.

ಈ ಯಂತ್ರವನ್ನು ನಡೆಸುವವಳು ಡಾಕ್ಟರ್ ಮಹಾನಂದಾ ಪಟ್ಟೇದ. ಲೆಕ್ಕದಲ್ಲಿ ಬಲು ಗಟ್ಟಿ, ಮರೆವಿನಲ್ಲಿ ಇನ್ನೂ ಗಟ್ಟಿ. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಪೈಕಿ. ನಡೆಸುವವರು ಒಂದು ನೆರಳಿನ ಕುಟುಂಬವನ್ನು ದಿನವೂ ಗಮನಿಸಿ, ನಿಜದ ಮಾಹಿತಿಯ ಜೊತೆ ತಾಳೆ ನೋಡಬೇಕೆಂಬ ನಿಯಮವಿತ್ತು. ಮಹಾನಂದಾಳ ಪಾಲಿಗೆ ಬಂದದ್ದು ಲುಮೇರ ಎಂಬ ದೇಶದ ರಾಜಧಾನಿ ತಾಸಿಯಲ್ಲಿ, ದೊಡ್ಡ ಜೈಲಿನ ಹಿಂದಿನ ಓಣಿಯಲ್ಲಿದ್ದ ಒಂದು ಬೇಕರಿಯ ಮನೆ. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಸಂಖ್ಯೆಗಳನ್ನು ನೋಡಿ ನೋಡಿ ಬೇಸತ್ತು ಅವಳೇ ಅವರಿಗೆ, ತನ್ನ ಸೀಮೆಯಲ್ಲಿ ಚಿಕ್ಕಪ್ಪ ಚಿಕ್ಕಮ್ಮನನ್ನು ಕರೆಯುವಂತೆ, ರೊಟ್ಟಿ ಕಾಕಾ, ರೊಟ್ಟಿ ಕಾಕು, ಮಕ್ಕಳಿಗೆ ದೊಡ್ಡಾಕಿ, ಸಣ್ಣಾಕಿ ಎಂದು ಹೆಸರಿಟ್ಟಿದ್ದಳು. ಕಾಕು ಕೋಳಿ ಕೂಗುವ ಮೊದಲೇ ಭಟ್ಟಿ ಹೊತ್ತಿಸುವವಳು. ಪ್ರತಿ ಗುರುವಾರ ತಂಗಿಗೆ ಫೋನು ಮಾಡಿ, ಅರ್ಧಕ್ಕೇ ಸಿಟ್ಟಿನಿಂದ ಕಟ್ ಮಾಡಿ, ಮತ್ತೆ ತಾನೇ ಮಾಡುವವಳು. ಮಹಾನಂದಾ ಮನೆಗೆ ಬಂದು ಈ ಸುದ್ದಿ ಹೇಳದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

“ಸ್ವಂತ ಕಾಕು ಫೋನ್ ಮಾಡಿದ್ರ ಎತ್ತಂಗಿಲ್ಲ, ಈ ನೆರಳಿನ ಕಾಕುನ ಮ್ಯಾಲ ಏನ್ ಜೀವ ನಿಂದು!” ಎಂದು ಗಂಡ ಚನ್ನವೀರ ಛೇಡಿಸುತ್ತಿದ್ದ. ಅವನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರ. ಮಾತಿನಲ್ಲಿ ಚುಚ್ಚುವುದು ಅವನಿಗೆ ಸಂಬಳವಿಲ್ಲದ ಎರಡನೇ ನೌಕರಿ.

ಲುಮೇರವನ್ನು ಪರೀಕ್ಷೆಗೆ ಇಟ್ಟದ್ದಕ್ಕೆ ಕಾರಣ ಅದರ ಅಧ್ಯಕ್ಷ ಜನರಲ್ ಒರ್ದಾನ್. ಆ ಮನುಷ್ಯನ ಬಗ್ಗೆ ಒಳ್ಳೆಯ ಮಾತು ಆಡಲು ಅವನ ಸಂಬಳದವರಿಗೂ ಕಷ್ಟ. ಎದುರು ಮಾತಾಡಿದವರನ್ನು ಜೈಲಿಗೆ ತಳ್ಳುತ್ತಿದ್ದ, ಜೈಲಿನಲ್ಲಿ ಉಗುರು ಕೀಳಿಸುತ್ತಿದ್ದ. ಮಹಾನಂದಾಳ ಪಕ್ಕದ ಕುರ್ಚಿಯಲ್ಲಿ ಕೂತು ಲುಮೇರದ ಭಾಷೆ ಮತ್ತು ರೀತಿ ರಿವಾಜುಗಳನ್ನು ಯಂತ್ರಕ್ಕೆ ಬಿಡಿಸಿ ಹೇಳುತ್ತಿದ್ದ ದಾವಿನ್, ಅಲ್ಲಿಂದ ಜೀವ ಉಳಿಸಿಕೊಂಡು ಓಡಿ ಬಂದವನು. ಅವನ ಅಣ್ಣ, ಸಾಲೆಯ ಮಾಸ್ತರ, ಅದೇ ತಾಸಿಯ ಜೈಲಿನಲ್ಲಿ. ಬದುಕಿದ್ದಾನೋ ಇಲ್ಲವೋ ಎಂಬ ಸುದ್ದಿಯೂ ಇಲ್ಲ. ಫೋನು ಮಾಡಿದರೆ ಅಣ್ಣನಿಗೇ ಕುತ್ತು ಬಂದೀತೆಂದು ದಾವಿನ್ ಊರಿಗೆ ಒಂದು ಕರೆಯನ್ನೂ ಮಾಡಿರಲಿಲ್ಲ. ಕಲಬುರಗಿಗೆ ಬಂದು ವರ್ಷಗಳಾಗಿ ಕನ್ನಡವನ್ನು ಇಲ್ಲಿಯವರಂತೆಯೇ ಆಡುತ್ತಿದ್ದ. ಮಹಾನಂದಾಳನ್ನು ಅಕ್ಕ ಎನ್ನುತ್ತಿದ್ದ. ಒಕ್ಕೂಟದ ಹಡಗುಗಳು ಹೋಗಿ ಒರ್ದಾನನನ್ನು ಕಿತ್ತೊಗೆಯಲಿ ಎಂದು ಅವನು ಹಾರೈಸಿದರೆ ಯಾರು ತಪ್ಪು ಎನ್ನಬೇಕು? ಮಹಾನಂದಾಳೂ ಅದನ್ನೇ ಬಯಸುತ್ತಿದ್ದಳು.

ಒಕ್ಕೂಟದ ಸಮಿತಿ ಯಂತ್ರಕ್ಕೆ ಕೇಳಿದ ಪ್ರಶ್ನೆ ಇಷ್ಟೇ: ಅರಮನೆ ಬೀಳುತ್ತದೆಯೇ, ಎಷ್ಟು ಕಡಿಮೆ ಸಾವಿನಲ್ಲಿ? ಅರಮನೆ ಬಿದ್ದ ಕ್ಷಣಕ್ಕೆ ಪರದೆಯ ಮೇಲೆ ಒಂದು ಹಸಿರು ಗೆರೆ ಮೂಡುತ್ತಿತ್ತು. ಅದೇ ಗೆಲುವಿನ ಗೆರೆ. ಅಲ್ಲಿಗೆ ಯಂತ್ರ ನಿಲ್ಲಿಸಬೇಕು. ಅದರಾಚೆ ಓಡಿಸಿದರೆ ಕರೆಂಟು ನೀರಿನಂತೆ ಹರಿಯುತ್ತದೆ. ಅಲ್ಲದೆ ಆಚೆ ಏನಾಗುತ್ತದೆಂದು ಯಾರೂ ಕೇಳಿಯೇ ಇರಲಿಲ್ಲ. ಪ್ರತಿ ಸಲವೂ ಗೆರೆ ಮೂಡುವ ಹೊತ್ತಿಗೆ ತಾಸಿಯ ಚೌಕದಲ್ಲಿ ನೆರಳುಗಳು ಕುಣಿಯುತ್ತಿದ್ದವು, ಜೈಲಿನ ಬಾಗಿಲು ಒಡೆಯುತ್ತಿತ್ತು. ರೊಟ್ಟಿ ಕಾಕುವಿನ ಅಂಗಡಿಯಲ್ಲಿ ವ್ಯಾಪಾರ ಸೊನ್ನೆಯಾಗಿ ಭಟ್ಟಿ ಮಾತ್ರ ಹಗಲಿರುಳು ಉರಿಯುತ್ತಿತ್ತು. ಅಂದರೆ ಕಾಕು ರೊಟ್ಟಿಯನ್ನು ಪುಕ್ಕಟೆ ಹಂಚುತ್ತಿದ್ದಾಳೆ! ಮೊದಲ ಸಲ ಅದನ್ನು ಕಂಡಾಗ ಮಹಾನಂದಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದಳು.

ಹಡಗು ಹೊರಡಿಸುವ ಮೊದಲು ಖಾತ್ರಿಗೆಂದು ಸಮಿತಿ ಕೇಳಿದ ಯಂತ್ರದ ಕೊನೆಯ ಓಟ ಬಿದ್ದದ್ದು ಎಳ್ಳ ಅಮಾವಾಸ್ಯೆಯ ದಿನ. ಆ ಸೀಮೆಯಲ್ಲಿ ಅವತ್ತು ಮನೆಯಲ್ಲಿ ಉಳಿಯುವವರೇ ಇಲ್ಲ. ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಕಡುಬು, ಅಂಬಲಿ, ಹಸಿ ಕಾಳು ಸೊಪ್ಪುಗಳ ಭಜ್ಜಿ ಹೊತ್ತು ಎಲ್ಲರೂ ಹೊಲಕ್ಕೆ. ಬೆಳೆದು ನಿಂತ ಪೈರಿಗೆ ನೈವೇದ್ಯದ ಚರಗ ಚೆಲ್ಲಿ, ಸ್ವಂತ ಹೊಲದಲ್ಲಿ, ಅದಿಲ್ಲದವರು ಪರಿಚಯದವರ ಹೊಲದಲ್ಲಿ, ಕೂತು ಉಂಡು ಬರಬೇಕು. ಹತ್ತೊಂಬತ್ತು ದೇಶಗಳ ಯಂತ್ರವೇ ಇರಲಿ, ಭಜ್ಜಿಯ ಮುಂದೆ ಯಾರ ಆಟವೂ ನಡೆಯದು. ನಿರ್ದೇಶಕರು ಬೆಳಿಗ್ಗೆಯೇ ಮಾಯ. ಕರೆಂಟಿನ ಉಸ್ತುವಾರಿಯವನು ಅವರಿಗಿಂತ ಮೊದಲೇ ಮಾಯ. ಉಳಿದವರು ಮಹಾನಂದಾ ಮತ್ತು ದಾವಿನ್.

ಹೊರಗೆ ಜೀಪು ಒಂದೇ ಸಮ ಹಾರನ್ ಹೊಡೆಯುತ್ತಿತ್ತು. ಮೈದುನನ ಹೆಂಡತಿ ಫೋನಿನಲ್ಲಿ, “ಯಕ್ಕಾ, ಎಲ್ಲರೂ ಹಸದು ಕುಂತಾರ, ಭಜ್ಜಿ ಆರ್ಲತ್ತದ, ಬರ್ತಿಯೋ ಇಲ್ಲೋ?” ಎಂದು ಕೂಗುತ್ತಿದ್ದಳು.

ಪರದೆಯಲ್ಲಿ ಹಸಿರು ಗೆರೆ ಮೂಡಿತು. ಮಹಾನಂದಾ ಫಲಿತಾಂಶ ಕಳಿಸಿ, ಚೀಲ ಎತ್ತಿಕೊಂಡು, “ನಡಿ ದಾವಿನ್” ಎಂದು ಓಡಿದಳು. ದಾವಿನ್ ನಿಲ್ಲಿಸಿದ್ದಾನೆ ಎಂದು ಅವಳು ತಿಳಿದಳು. ಅಕ್ಕ ನಿಲ್ಲಿಸಿದ್ದಾಳೆ ಎಂದು ಅವನು ತಿಳಿದ. ನೆರಳೂರು ತನ್ನ ಪಾಡಿಗೆ ತಾನು ಗೆರೆ ದಾಟಿ ಮುಂದೆ ನಡೆಯಿತು.

ಹೊಲದಲ್ಲಿ ಹಬ್ಬ ಜೋರಾಗಿತ್ತು. ಜೋಳ ಎದೆಮಟ್ಟ ನಿಂತಿತ್ತು. ಮಹಾನಂದಾಳ ಅತ್ತೆ ನಾಗಮ್ಮ ದಾವಿನ್‌ನ ತಟ್ಟೆಗೆ ಮೂರನೇ ಸಲ ಭಜ್ಜಿ ಹಾಕಿ, “ಉಣ್ಣು ದಾವಿನಪ್ಪ, ನಾಚಬ್ಯಾಡ. ನಿಮ್ಮಣ್ಣ ಬಂದ್ಮ್ಯಾಲ ಅಂವಂಗೂ ಇಲ್ಲೇ ಕರ್ಕೊಂಡು ಬಾ” ಎಂದಳು.

“ಬರ್ತಾನ ಆಯಿ. ಮುಂದಿನ ವಾರನೇ ಹೊರಗ ಬರ್ತಾನ. ಹಡಗ ಹೊಂಟಾವ” ಎಂದ ದಾವಿನ್.

ಚನ್ನವೀರ ರೊಟ್ಟಿ ಮುರಿಯುತ್ತ, “ಹಡಗ ಹೋಗ್ತಾವ ಖರೆ. ಆಮ್ಯಾಲ?” ಎಂದ.

“ಆಮ್ಯಾಲ ಏನ್ರಿ?” ಮಹಾನಂದಾಳಿಗೆ ರೇಗಿತು. “ನಮ್ಮ ಕಡಿ ನಿಜಾಮನ ರಜಾಕಾರರ ಹಾವಳಿ ನಿಂತಿದ್ದು ಹ್ಯಾಂಗ? ಮಿಲ್ಟ್ರಿ ಬಂದ ಮ್ಯಾಲೇ ಅಲ್ಲೇನು? ನೀವೇ ಪಾಠ ಮಾಡ್ತೀರಿ.”

“ಮಾಡ್ತೀನಿ. ಆದ್ರ ಅವತ್ತು ಬಂದವ್ರು ಹೊರಗಿನವ್ರಲ್ಲ. ಬರೂದಕ್ಕಿಂತ ಮೊದ್ಲ ಇಲ್ಲಿ ಮಂದಿನೇ ಎದ್ದಿದ್ರು. ಬಂದವ್ರು ಇಲ್ಲೇ ಉಳದ್ರು, ನಾವೂ ಅವ್ರೂ ಒಂದೇ ದೇಶ ಆದ್ವಿ. ಹಂಗಿದ್ದೂ ಆ ಮ್ಯಾಲಿನ ದಿನದಾಗ ಯಾರ್‍ಯಾರ ಮನಿ ಏನೇನಾಯ್ತು ಅಂಬೋದು ನಾವು ಇವತ್ತಿಗೂ ಬಾಯಿಬಿಟ್ಟು ಪೂರಾ ಹೇಳಲ್ಲ. ನಿಮ್ಮ ಹಡಗಿನವ್ರು ತಾಸಿಯೊಳಗ ಮನಿ ಮಾಡಿ ಇರ್ತಾರೇನು?”

ದಾವಿನ್ ಕೈ ತೊಳೆದು ಎದ್ದ. “ಸರ್, ನಿಮ್ಮ ಅಣ್ಣ ಒಳಗಿದ್ರ ನೀವು ಹಿಂಗ ಮಾತಾಡ್ತಿದ್ದಿಲ್ಲ” ಎಂದ.

ಚನ್ನವೀರ ಮುರಿದ ರೊಟ್ಟಿಯನ್ನು ತಟ್ಟೆಗೆ ಇಟ್ಟ. ಮತ್ತೆ ಚುಚ್ಚಲಿಲ್ಲ, ಅಷ್ಟರ ಮಟ್ಟಿಗೆ ಅವನು ಒಳ್ಳೆಯವನೇ. ನಾಗಮ್ಮ ಮಗನನ್ನು ಗದರಿ, ದಾವಿನ್‌ನನ್ನು ಮತ್ತೆ ಕೂರಿಸಿ ಅಂಬಲಿ ಕೊಟ್ಟಳು. ಮಹಾನಂದಾ ಮಾತ್ರ ಆಮೇಲೆ ಇಡೀ ದಿನ ಗಂಡನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಕೇಂದ್ರದ ಬಾಗಿಲಲ್ಲೇ ಕರೆಂಟಿನ ಉಸ್ತುವಾರಿಯವನು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

“ಏನ್ ಮೇಡಂ, ಒಂದು ತಾಲ್ಲೂಕಿಗೆ ಆಗೋ ಕರೆಂಟು ಒಂದೇ ರಾತ್ರಿ ತಿಂದದಲ್ಲ ನಿಮ್ಮ ಮಷೀನು! ಬಂದ್ ಮಾಡ್ಲಾಕ ಮರ್ತು ಹೋದ್ರೇನು?”

ಮಹಾನಂದಾ ಚೀಲವನ್ನು ಅಲ್ಲೇ ಎಸೆದಳು. ಒಳಗೆ ಓಡಿ ನೋಡಿದರೆ ನೆರಳೂರು ಇನ್ನೂ ಓಡುತ್ತಿದೆ. ಹಸಿರು ಗೆರೆ ಎಲ್ಲೋ ಹಿಂದೆ ಉಳಿದಿದೆ. ಲುಮೇರದ ನೆರಳುಗಳು ಗೆಲುವಿನ ಆಚೆ ಹನ್ನೊಂದನೆಯ ವರ್ಷದಲ್ಲಿವೆ. ಮೊದಲು ಯಂತ್ರ ನಿಲ್ಲಿಸಿದಳು. ಇದನ್ನೆಲ್ಲ ಅಳಿಸಿಹಾಕಿ, ಮೇಲಿನವರಿಗೆ ಏನಾದರೊಂದು ನೆಪ ಹೇಳುವುದೆಂದು ಬೆರಳು ಮುಂದೆ ಮಾಡಿದಳು. ಅಷ್ಟರಲ್ಲಿ ಒಂದು ಕುತೂಹಲ ಅಡ್ಡ ಬಂತು. ಹನ್ನೊಂದು ವರ್ಷ! ರೊಟ್ಟಿ ಕಾಕುವಿನ ದೊಡ್ಡಾಕಿಗೆ ಇಷ್ಟೊತ್ತಿಗೆ ಮದುವೆಯಾಗಿ ಮಕ್ಕಳಾಗಿರಬೇಕಲ್ಲ. ಒಂದು ಸಲ ನೋಡಿ ಅಳಿಸಿದರಾಯಿತು ಎಂದುಕೊಂಡು ಆ ಮನೆಯನ್ನು ತೆರೆದಳು.

ಭಟ್ಟಿ ಆರಿತ್ತು. ಅಂದು ಆರಿದ್ದಲ್ಲ, ಎಂದೋ ಆರಿದ್ದು. ಮಹಾನಂದಾ ಹಿಂದೆ ಹಿಂದೆ ಸರಿಯುತ್ತ ನೋಡಿದಳು. ಮೊದಲ ತಿಂಗಳು ಎಲ್ಲವೂ ಚಂದ. ಎರಡನೇ ತಿಂಗಳು ಹೊಸ ಆಡಳಿತ, ಒರ್ದಾನನ ಅನ್ನ ತಿಂದವರು ಯಾರೂ ಕೆಲಸದಲ್ಲಿರಬಾರದು ಎಂದಿತು. ಹೊರಗಿನಿಂದ ಬಂದ ಅಧಿಕಾರಿಗಳಿಗೆ ಯಾರು ಏನೆಂದು ಗೊತ್ತಿರಲಿಲ್ಲ. ಊರಿಗೆ ಹೋಗುವ ಅವಸರ ಮಾತ್ರ ಇತ್ತು. ಹಾಗಾಗಿ ಸರ್ಕಾರಿ ಸಂಬಳ ಪಡೆದವರನ್ನೆಲ್ಲ ಒಂದೇ ಏಟಿಗೆ ಮನೆಗೆ ಕಳಿಸಿದರು. ನೀರಿನ ಪಂಪು ನಡೆಸುವವನು ಹೋದ, ಆಸ್ಪತ್ರೆಯ ನರ್ಸು ಹೋದಳು, ಪೊಲೀಸರು ಹೋಗುವಾಗ ಬಂದೂಕು ತೆಗೆದುಕೊಂಡೇ ಹೋದರು. ಆರನೇ ತಿಂಗಳಿಗೆ ಓಣಿಗೊಂದು ದಂಡು. ಹಡಗಿನಲ್ಲಿ ಬಂದ ಸೈನಿಕರು ತಮ್ಮ ಬಿಡಾರದ ಗೋಡೆ ಎತ್ತರಿಸಿಕೊಂಡರು. ನಾಲ್ಕನೇ ವರ್ಷ ಭಾಷಣ ಮಾಡಿ ಹಡಗು ಹತ್ತಿದರು.

ರೊಟ್ಟಿ ಕಾಕಾ ಜೈಲಿಗೆ ರೊಟ್ಟಿ ಸರಬರಾಜು ಮಾಡುತ್ತಿದ್ದವನು. ಜೈಲಿನ ಹಿಂದಿನ ಓಣಿಯ ಬೇಕರಿ ಮತ್ತಾರಿಗೆ ಕೊಡಬೇಕು? ಒರ್ದಾನನ ಮನುಷ್ಯ ಎಂದು ಅವನನ್ನು ಎಳೆದೊಯ್ದಿದ್ದರು. ಕಾಕು ಭಟ್ಟಿಯ ಕಬ್ಬಿಣದ ಬಾಗಿಲನ್ನೂ ಮಾರಿದ್ದಳು. ದೊಡ್ಡಾಕಿಯ ಫೋನು ಕೊನೆಯ ಸಲ ಸಿಕ್ಕಿದ್ದು ಒಂದು ಬಂದರಿನಲ್ಲಿ, ಆಮೇಲೆ ಪ್ರಪಂಚದ ಯಾವ ಮೂಲೆಯಲ್ಲೂ ಇಲ್ಲ. ಸಣ್ಣಾಕಿ, ಇನ್ನೂ ಇಪ್ಪತ್ತು ತುಂಬದ ಹುಡುಗಿ, ಒಂದು ದಂಡಿನ ಸಂಬಳಕ್ಕೆ ರಸ್ತೆಯ ಅಡ್ಡಗಂಬದ ಬಳಿ ಬಂದೂಕು ಹಿಡಿದು ನಿಂತಿದ್ದಳು. ಕಾಕು ಬದುಕಿದ್ದಳು. ಪ್ರತಿ ಗುರುವಾರ ತಂಗಿಗೆ ಫೋನು ಮಾಡುತ್ತಿದ್ದಳು. ಆ ಕಡೆಯ ಫೋನು ಐದು ವರ್ಷದಿಂದ ಸತ್ತಿತ್ತು. ಆದರೂ ಮಾಡುತ್ತಿದ್ದಳು.

ಮಹಾನಂದಾ ಬಾಯಿಗೆ ಸೆರಗು ಒತ್ತಿಕೊಂಡಳು. ನೆರಳು ಎಂದು ಎಷ್ಟು ಹೇಳಿಕೊಂಡರೂ ದುಃಖ ತಡೆಯಲಾಗಲಿಲ್ಲ.

ಅದೇ ಹೊತ್ತಿಗೆ ದಾವಿನ್ ಬಂದ. ಮುಚ್ಚಿಡುವ ಮನಸ್ಸು ಒಂದು ಗಳಿಗೆ ಬಂದರೂ, ಮುಚ್ಚಿಡುವುದು ಅವಳಿಂದಾಗಲಿಲ್ಲ. ಅವನು ಎಲ್ಲ ಕೇಳಿಸಿಕೊಂಡು, ಕುರ್ಚಿ ಎಳೆದು ಕೂತು, ತನ್ನ ಅಣ್ಣನ ಸಂಖ್ಯೆ ಒತ್ತಿದ. ನಿಯಮ ಮುರಿದು ಅದನ್ನು ಎಂದೋ ಹುಡುಕಿಟ್ಟುಕೊಂಡಿದ್ದ. ಅಣ್ಣ ಬದುಕಿದ್ದಾನೆಂದೇ ಯಂತ್ರ ಹಿಡಿದಿತ್ತು, ಸತ್ತ ಸುದ್ದಿ ಇಲ್ಲದವರೆಲ್ಲ ಅದಕ್ಕೆ ಬದುಕಿದವರೇ. ಗೆಲುವಿನ ದಿನ ಅಣ್ಣ ಹೊರಬಂದಿದ್ದ. ಜನ ಹೆಗಲ ಮೇಲೆ ಹೊತ್ತು ಮೆರೆಸಿದ್ದರು. ದಾವಿನ್‌ನ ಮುಖ ಅರಳಿತು. ಮುಂದೆ ಸರಿದ. ಮೂರನೇ ವರ್ಷದಲ್ಲಿ ಅಣ್ಣನ ನೆರಳು ಮತ್ತೆ ಅದೇ ಜೈಲಿನಲ್ಲಿತ್ತು.

“ಮತ್ತ ಹಿಡದ್ರು?” ಎಂದಳು ಮಹಾನಂದಾ.

“ಇಲ್ಲಕ್ಕ.” ದಾವಿನ್‌ನ ದನಿ ಕೇಳಿಸದಷ್ಟು ಸಣ್ಣಗಾಗಿತ್ತು. “ಜೈಲಿನ ಮುಖ್ಯಸ್ಥ ಆಗ್ಯಾನ.”

ಯಂತ್ರ ಹಾಗೇಕೆ ಮಾಡಿತೆಂದು ಇಬ್ಬರೂ ಬಿಡಿಸಿ ನೋಡಿದರು. ಹೊಸ ಸರ್ಕಾರ ತಾನಾಗಿ ನಿಲ್ಲಲಾರದು, ಜನ ಕಟ್ಟಿದ್ದಲ್ಲವಲ್ಲ. ನಿಲ್ಲಬೇಕಾದರೆ ಜೈಲು ಬೇಕು. ಜೈಲಿಗೆ ಲಂಚ ಮುಟ್ಟದ, ಹೆದರದ, ಹಳಬರ ಮೇಲೆ ಕನಿಕರವಿಲ್ಲದ ಮನುಷ್ಯ ಬೇಕು. ಅಂಥವನನ್ನು ಯಂತ್ರ ಇಡೀ ತಾಸಿಯಲ್ಲಿ ಹುಡುಕಿದಾಗ ಸಿಕ್ಕಿದವನು ಇವನು.

“ಇಂವ ನನ್ನ ಅಣ್ಣ ಅಲ್ಲ” ಎಂದ ದಾವಿನ್. ಪರದೆಯ ಮೇಲಿನ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ, “ಲಂಚ ಮುಟ್ಟಲ್ಲ. ಅದು ಮಾತ್ರ ನನ್ನ ಅಣ್ಣನೇ” ಎಂದ.

ಆ ಜೈಲಿನ ಕೈದಿಗಳ ನೆರಳುಗಳಲ್ಲಿ ರೊಟ್ಟಿ ಕಾಕಾನ ಸಂಖ್ಯೆಯೂ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಹಾನಂದಾಳಿಗೆ ಆಗಲಿಲ್ಲ. ಬೆರಳಿಟ್ಟು ತೋರಿಸಿದಳು. ಯಾರೆಂದು ಕೇಳಿದ್ದಕ್ಕೆ, ಜೈಲಿನ ಹಿಂದಿನ ಬೇಕರಿಯವನು ಎಂದಾಗ ದಾವಿನ್ ಗಕ್ಕನೆ ತಲೆ ಎತ್ತಿದ. ಅವನು ಸಣ್ಣವನಿದ್ದಾಗಿನಿಂದ ಊರು ಬಿಡುವ ತನಕ ದಿನಾ ರೊಟ್ಟಿ ತರುತ್ತಿದ್ದ ಅಂಗಡಿ ಅದು. ಇಷ್ಟು ವರ್ಷ ಯಾವ ಓಣಿಯವಳೆಂದು ಹೇಳದೆ ಅಕ್ಕ ಕತೆ ಹೇಳುತ್ತಿದ್ದ ಕಾಕು ಯಾರೆಂದು ಅವನಿಗೆ ತಿಳಿದದ್ದು ಆಗಲೇ.

ನಿರ್ದೇಶಕ ಉಮರ್ಜಿಯವರು ಸಾಧು ಮನುಷ್ಯ, ಮೇಲಿನವರ ಕಾಗದ ಬಂದರೆ ಎದ್ದು ನಿಂತು ಓದುವವರು. ಸುದ್ದಿ ಕೇಳಿ ತಲೆ ಹಿಡಿದುಕೊಂಡು ಕೂತರು.

“ಮಹಾನಂದಾ, ಅವ್ರು ಕೇಳಿದ್ದು ಅರಮನಿ ತನಕ. ನಾವು ಅದರಾಚಿ ಯಾಕ ನೋಡಿದ್ವಿ ಅಂದ್ರ ಏನ್ ಹೇಳ್ಲಿ?”

“ಹಬ್ಬಕ್ಕ ಹೋಗಿದ್ವಿ, ಮಷೀನ್ ಬಂದ್ ಮಾಡ್ಲಾಕ ಮರ್ತಿದ್ವಿ ಅಂತ ಹೇಳ್ರಿ ಸರ್. ಖರೇನೇ ಅದ.”

“ನೌಕರಿ ಹೋಗ್ತದ!”

“ನನ್ನದು ಹೋಗ್ತದ. ಹೋಗ್ಲಿ ಬಿಡ್ರಿ.”

ಒಂದೇ ಓಟವನ್ನು ನಂಬುವುದು ವಿಜ್ಞಾನವಲ್ಲ. ಉಮರ್ಜಿಯವರು ಕೊನೆಗೂ ಗಟ್ಟಿ ಮನಸ್ಸು ಮಾಡಿ ಒಪ್ಪಿಗೆ ಕೊಟ್ಟರು. ಕೇಂದ್ರದವರೆಲ್ಲ ಮನೆ ಮಠ ಮರೆತು ಕೂತರು. ಗಾಳಿ ಮಳೆ ಬದಲಿಸಿದರು, ಸೇನಾಪತಿಯನ್ನು ಬದಲಿಸಿದರು, ಸೈನಿಕರನ್ನು ದುಪ್ಪಟ್ಟು ಮಾಡಿದರು, ಹೆಚ್ಚು ವರ್ಷ ಇರಿಸಿದರು, ಹಳೆಯ ನೌಕರರನ್ನು ಮನೆಗೆ ಕಳಿಸದೆ ನೋಡಿದರು. ಎಷ್ಟು ಸಲ ಓಡಿಸಿದರೂ ಅರಮನೆ ಬೀಳುತ್ತಿತ್ತು, ಹಸಿರು ಗೆರೆ ಮೂಡುತ್ತಿತ್ತು. ಆಚೆ ಬಹುಪಾಲು ಸಲ ಕಾಕುವಿನ ಭಟ್ಟಿ ಆರುತ್ತಿತ್ತು. ಅಲ್ಲೊಂದು ಇಲ್ಲೊಂದು ಸಲ ಮಾತ್ರ ದೇಶ ಕುಂಟುತ್ತ ಎದ್ದು ನಿಲ್ಲುತ್ತಿತ್ತು. ಅಷ್ಟರಲ್ಲಿ ಹಡಗುಗಳು ಅರ್ಧ ದಾರಿ ಕಳೆದಿದ್ದವು. ಒರ್ದಾನ್ ದೇಶದ ಫೋನುಗಳನ್ನೆಲ್ಲ ಕಡಿದು ಹಾಕಿದ್ದ. ಟೀವಿಯವರು ಪರದೆಯ ಮೂಲೆಯಲ್ಲಿ ಗಡಿಯಾರ ಇಟ್ಟು, ‘ಮುಕ್ತಿಗೆ ಇನ್ನು ಇಷ್ಟು ಗಂಟೆ’ ಎಂದು ಕ್ರಿಕೆಟ್ ಪಂದ್ಯದ ಉತ್ಸಾಹದಲ್ಲಿ ಕೂಗುತ್ತಿದ್ದರು.

ಸಮಿತಿಯ ಸಭೆ ಪರದೆಯ ಮೇಲೆ ಸೇರಿತು. ಅಧ್ಯಕ್ಷೆ ಹಿಂದೆ ನೌಕಾಪಡೆಯಲ್ಲಿದ್ದವಳು, ನೆರೆತ ಕೂದಲಿನ, ಹೆಚ್ಚು ಮಾತಿಲ್ಲದ ಹೆಂಗಸು. ಅವಳ ಮಾತು ಕಿವಿಯ ಯಂತ್ರದಲ್ಲಿ ಕನ್ನಡವಾಗಿ ಕೇಳಿಸುತ್ತಿತ್ತು. ಮಹಾನಂದಾ ಕಂಡದ್ದನ್ನು ಕಂಡಂತೆ ಹೇಳಿದಳು. ಮರೆತದ್ದನ್ನೂ ಹೇಳಿದಳು. ಹತ್ತೊಂಬತ್ತು ದೇಶದವರಲ್ಲಿ ಕೆಲವರು ನಕ್ಕರು.

“ಒಳ್ಳೆಯದಾದ ಓಟಗಳೂ ಇವೆ ಎಂದಿರಿ” ಎಂದಳು ಅಧ್ಯಕ್ಷೆ. “ನಾವು ಜಾಗ್ರತೆ ವಹಿಸಿದರೆ ಆ ದಾರಿಯಲ್ಲೇ ಹೋಗಬಹುದಲ್ಲ?”

ಮಹಾನಂದಾ ಹೇಳಿದಳು: “ಆ ಓಟದಾಗೂ ನಾವು ಜಾಗ್ರತೆ ಇದ್ವಿ ಮೇಡಂ, ಕೆಟ್ಟ ಓಟದಾಗೂ ಜಾಗ್ರತೆ ಇದ್ವಿ. ಫರಕ್ ಏನಂತ ನಮಗ ಸಿಕ್ಕಿಲ್ಲ. ಸಿಕ್ಕದ ಅಂತ ಸುಳ್ಳು ಹೇಳಲಾರೆ.”

“ಹಾಗಾದರೆ ಒರ್ದಾನ್ ಇರಲಿ ಎನ್ನುತ್ತೀರಾ? ಜೈಲು ಹಾಗೆಯೇ ನಡೆಯಲಿ ಎನ್ನುತ್ತೀರಾ?”

ಮಹಾನಂದಾ ಪಕ್ಕದಲ್ಲಿದ್ದ ದಾವಿನ್‌ನ ಕಡೆ ನೋಡಿದಳು. ದಾವಿನ್ ಎದ್ದು ನಿಂತ. ಸಮಿತಿಯವರಿಗೆ ಅವನ ಗುರುತಿತ್ತು. ಹಡಗು ಕಳಿಸಿರೆಂದು ವರ್ಷಗಳಿಂದ ಅವರಿಗೆ ಮನವಿ ಕೊಡುತ್ತಿದ್ದವನು ಅವನೇ.

“ಇರಬಾರದು” ಎಂದ ದಾವಿನ್, ತನ್ನ ಭಾಷೆಯಲ್ಲಿ. “ಅವನು ಹೋಗುವ ದಿನ ನೋಡದೆ ನನಗೆ ಸಾವು ಬರದಿರಲಿ. ಆದರೆ ಅವನನ್ನು ಇಳಿಸುವವರು ಮರುದಿನ ಅದೇ ಓಣಿಯಲ್ಲಿ ರೊಟ್ಟಿಗೆ ಸಾಲು ನಿಲ್ಲುವವರಾಗಿರಬೇಕು. ನಿಮ್ಮ ಸೈನಿಕರು ನಿಲ್ಲುವುದಿಲ್ಲ, ನೀವೂ ನಿಲ್ಲುವುದಿಲ್ಲ. ನಾನೂ ನಿಲ್ಲುವುದಿಲ್ಲ, ನಾನು ಕಲಬುರಗಿಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ಒಳ್ಳೆಯದಾಗಬಹುದು ಎಂಬ ಜೂಜಿಗೆ ನಾವು ಪಣ ಇಡುತ್ತಿರುವುದು ಆ ಬೇಕರಿಯವಳ ಗಂಡನನ್ನು, ಅವಳ ಮಕ್ಕಳನ್ನು. ಅವಳನ್ನು ಯಾರೂ ಕೇಳಿಲ್ಲ.”

“ನಿನ್ನ ಅಣ್ಣ?”

“ಅವನನ್ನೂ ಯಾರೂ ಕೇಳಿಲ್ಲ” ಎಂದು ದಾವಿನ್ ಕೂತ. ಕೂತವನು ಮೇಜಿಗೆ ತಲೆ ಹಚ್ಚಿ ಅತ್ತ. ತನ್ನ ಕೈಯಾರೆ ಅಣ್ಣನ ಬಾಗಿಲಿಗೆ ಬೀಗ ಹಾಕಿದೆನೆಂದು ಅತ್ತ. ಸಭೆಯಲ್ಲಿ ನಗುವವರು ಆಗ ಯಾರೂ ಇರಲಿಲ್ಲ.

ಎರಡು ದಿನ ಯಾವ ಸುದ್ದಿಯೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಮಹಾನಂದಾ ಮನೆಯಲ್ಲಿ ಅತ್ತೆಯ ಜೊತೆ ಕೂತು ಹಸಿ ತೊಗರಿ ಸುಲಿಯುತ್ತಿದ್ದಳು. ಕೈಗೆ ಕೆಲಸ ಕೊಡದಿದ್ದರೆ ಹುಚ್ಚು ಹಿಡಿಯುತ್ತಿತ್ತು. ಟೀವಿಯ ಗಡಿಯಾರ ತಟ್ಟನೆ ನಿಂತಿತು. ಸುದ್ದಿ ಓದುವವನು, ಮದುವೆ ಊಟ ತಪ್ಪಿದವನ ಮುಖ ಹೊತ್ತು, ಒಕ್ಕೂಟದ ಹಡಗುಗಳು ಹಿಂದಿರುಗುತ್ತಿವೆ ಎಂದ. ಹಡಗಿನ ಬದಲು ಮಾತುಕತೆ. ಒರ್ದಾನನಿಗೆ ಯಾರೂ ಆಯುಧ ಮಾರುವುದಿಲ್ಲ, ಓಡಿ ಬಂದ ಲುಮೇರದವರನ್ನು ಯಾವ ದೇಶವೂ ಗಡಿಯಲ್ಲಿ ತಡೆಯುವುದಿಲ್ಲ, ಧಾನ್ಯ ಔಷಧಿಗಳಿಗೆ ಬದಲಾಗಿ ಕೈದಿಗಳ ಬಿಡುಗಡೆಯ ಚೌಕಾಸಿ. ಇನ್ನೂ ಏನೇನೋ ಹೇಳಿದ. ಮಹಾನಂದಾಳಿಗೆ ಮೊದಲ ಮಾತಿನ ಮುಂದೆ ಏನೂ ಕೇಳಿಸಲಿಲ್ಲ. ಮೊರ ಮಗುಚಿ ತೊಗರಿಯೆಲ್ಲ ಮನೆ ತುಂಬ ಚೆಲ್ಲಿತು. ಅವಳು ನೆಲದ ಮೇಲೆ ಕೂತೇ ನಗತೊಡಗಿದಳು, ನಗುತ್ತ ನಗುತ್ತ ಅತ್ತಳು.

“ಯವ್ವಾ, ಇಕಿಗೇನಾತೋ!” ಎಂದು ನಾಗಮ್ಮ ಗಾಬರಿಯಾದಳು.

ಚನ್ನವೀರ ಸಾಲೆಯಿಂದ ಓಡಿ ಬಂದಿದ್ದ. “ಏನೂ ಆಗಿಲ್ಲವ್ವ, ಏನೂ ಆಗಿಲ್ಲ” ಎನ್ನುತ್ತ ಅವನೇ ಬಗ್ಗಿ ಕಾಳು ಆರಿಸಿದ. ಮಾಸ್ತರನ ಕಣ್ಣೂ ಒದ್ದೆಯಾಗಿತ್ತು. ಚುಚ್ಚು ಮಾತು ಒಂದೂ ಬರಲಿಲ್ಲ.

ಒರ್ದಾನ್ ತಾನೇ ಗೆದ್ದೆನೆಂದು ಮೂರು ದಿನ ಪಟಾಕಿ ಹೊಡೆಸಿದ, ಗೆದ್ದ ಖುಷಿಗೆ ಕಡಿದ ಫೋನುಗಳನ್ನು ಮತ್ತೆ ಕೂಡಿಸಿದ. ಅವತ್ತು ದಾವಿನ್ ಮಹಾನಂದಾಳ ಮನೆಗೆ ಬಂದ. ಗಡ್ಡ ಬಿಟ್ಟಿದ್ದ, ಸಭೆಯ ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

“ಅಕ್ಕ, ಆ ಬೇಕರಿಗಿ ಒಂದು ಫೋನ್ ಮಾಡ್ಲೇನು? ರೊಟ್ಟಿ ಕೇಳೋ ಗಿರಾಕಿ ಹಂಗ. ಅಣ್ಣನ ಮಾತು ಎತ್ತಲ್ಲ. ಅವ್ರು ಇದ್ದಾರ ಅಂತ ದನಿ ಕೇಳಿದ್ರ ಸಾಕು.”

ಮಹಾನಂದಾ ಹೂಂ ಎಂದು ತಲೆಯಾಡಿಸಿದಳು. ಅವಳು ಕಾಕುವಿನ ದನಿಯನ್ನು ಎಂದೂ ಕೇಳಿರಲಿಲ್ಲ. ನೆರಳಿಗೆ ದನಿ ಇರುವುದಿಲ್ಲ. ದಾವಿನ್ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದ. ಗಂಟೆ ಹೊಡೆಯಿತು, ಹೊಡೆಯಿತು, ಆಮೇಲೆ ಒಂದು ಹೆಂಗಸಿನ ಒರಟು ಗಂಟಲು, ಹಿಂದೆ ತಟ್ಟೆಗಳ ಸದ್ದು, ಯಾರೋ ಹುಡುಗಿಯರು ಕಿತ್ತಾಡುವ ಸದ್ದು.

ದಾವಿನ್ ಏನೋ ಕೇಳಿದ. ಆ ಕಡೆಯಿಂದ ಬೈಗಳದ ಮಳೆ.

“ಏನಂತಾಳ?” ಮಹಾನಂದಾ ಅವನ ತೋಳು ಹಿಡಿದಳು.

“ಎಷ್ಟು ರೊಟ್ಟಿ ಬೇಕು ಲಗೂನ ಹೇಳು, ಭಟ್ಟಿಯೊಳಗ ಸುಟ್ಟು ಹೊಂಟಾವ ಅಂತಾಳ. ಗಂಡ ಹಿಟ್ಟು ತರ್ಲಾಕ ಹೋದಂವ ಹರಟಿ ಹೊಡೀಲತ್ತಾನಂತ. ಹೆಣ್ಣುಮಕ್ಕಳು ಕೆಲಸ ಬಿಟ್ಟು ಜಗಳಾಡ್ಲತ್ತಾವಂತ.” ದಾವಿನ್ ನಗುತ್ತ, ಅಳುತ್ತ ಹೇಳುತ್ತಿದ್ದ. ತಟ್ಟನೆ ನಗು ನಿಂತಿತು. ಆ ಕಡೆಯ ದನಿ ತಗ್ಗಿತ್ತು. ಒಂದೆರಡು ಮಾತು, ಅಷ್ಟೇ. ಮತ್ತೆ ಮೊದಲಿನ ಗದರಿಕೆ, ಫೋನು ಕಟ್.

ದಾವಿನ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಏನಾತೋ? ಹೇಳೋ!” ಎಂದಳು ಮಹಾನಂದಾ.

“ನನ್ನ ದನಿ ಗುರುತು ಹಿಡದಳಕ್ಕ” ಎಂದ. “ಹೆಸರು ಹೇಳ್ಲಿಲ್ಲ. ‘ನಿಮ್ಮ ಮನಿಯ ದೊಡ್ಡಾಂವ ಇವತ್ತೂ ಮೆತ್ತಂದು ಬೇಕಂತ ನನ್ನ ರೊಟ್ಟಿ ವಾಪಸ್ ಕಳಿಸ್ಯಾನ. ಜೈಲಿನ್ಯಾಗ ಕುಂತೂ ಅವನ ಸೊಕ್ಕು ಇಳದಿಲ್ಲ. ನಾಳಿಗಿ ಬ್ಯಾರೆ ಮಾಡಿ ಕಳಸ್ತೀನಿ’ ಅಂದಳು.”

ನಾಗಮ್ಮ ಒಳಗಿನಿಂದ ತಟ್ಟೆ ತಂದು ಅವನ ಮುಂದಿಟ್ಟಳು. ದಾವಿನ್ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಎಷ್ಟೋ ದಿನದ ಹಸಿವು ಒಟ್ಟಿಗೇ ಬಂದಂತೆ ಉಂಡ. ಮಹಾನಂದಾ ಅವನು ಉಣ್ಣುವುದನ್ನೇ ನೋಡುತ್ತ ಕೂತಳು. ತಾಸಿಯ ಓಣಿಯಲ್ಲಿ ಒಬ್ಬ ಹೆಂಗಸು ಇಷ್ಟೊತ್ತಿಗೆ ಗಂಡನಿಗೂ ಮಕ್ಕಳಿಗೂ ಬೈಯುತ್ತ ನಾಳೆಯ ಹಿಟ್ಟು ನಾದುತ್ತಿದ್ದಳು. ತನ್ನ ಮನೆಗೆ ಏನು ಆಗದೇ ಹೋಯಿತೆಂಬುದು ಅವಳಿಗೆ ಗೊತ್ತೇ ಇರಲಿಲ್ಲ.